ಮೊಗ್ಗಿನ ಚಿತ್ರವಿಲ್ಲದ ಪುಸ್ತಕ

ಕಾಡಣಬೆ ಗುರುತಿಸುವ ಪುಸ್ತಕ ಬರೆದ ಗೌರೀಶ, ಕೊರವಂಗಲದ ಚಿಕ್ಕಯ್ಯನ ತಿಪ್ಪೆಯಲ್ಲಿ ಮಂಡಿಯೂರಿ ಕಸ ಕೆದಕುತ್ತಿದ್ದ. ಸುದ್ದಿ ಕೇಳಿ ಓಡಿಬಂದಿದ್ದ. ಮೊನ್ನೆ ಚಿಕ್ಕಯ್ಯನ ಹೆಂಡತಿ ಮಲ್ಲಿಗಮ್ಮ ಆ ಪುಸ್ತಕ ನೋಡಿಕೊಂಡೇ ಅಣಬೆ ಕಿತ್ತು ಸಾರು ಮಾಡಿದ್ದಳು. ಸೋಮವಾರದ ಒಪ್ಪತ್ತೆಂದು ಗಂಡ ಉಣ್ಣಲಿಲ್ಲ. ಉಂಡವಳಿಗೆ ಬಿಡದೆ ವಾಂತಿ, ಭೇದಿ.

ಅರಳಿದರೆ ಹುಳ ಬೀಳುತ್ತದೆಂದು ಇಲ್ಲಿನವರು ಹುತ್ತದ ಅಣಬೆಯನ್ನು ಮೊಗ್ಗಿನಲ್ಲೇ ಕೀಳುತ್ತಾರೆ. ಅದನ್ನೇ ಉಂಡು ಬೆಳೆದ ಗೌರೀಶ, ನೋಡಲು ಚೆಂದವೆಂದು ಪುಸ್ತಕಕ್ಕೆ ಹಾಕಿದ್ದೆಲ್ಲ ಅರಳಿದ ಕೊಡೆಯ ಚಿತ್ರಗಳನ್ನೇ. ಮೊಗ್ಗಿನಲ್ಲಿ ಒಳ್ಳೆಯದೂ ವಿಷದ್ದೂ ಅಕ್ಕತಂಗಿಯರಂತೆ ಕಾಣುತ್ತವೆ.

"ಬುಡಿ ಸಾ, ಬೆಳಗ್ಗಿಂದ ವಾಂತಿ ನಿಂತೈತೆ. ಕಾಫಿ ಕೇಳವ್ಳೆ," ಎಂದ ಚಿಕ್ಕಯ್ಯ, ಹಗುರಾಗಿ.

"ನಮ್ ತಿಪ್ಪೆ ಮ್ಯಾಗೂ ಒಂದು ಬುಕ್ ಬರೀತಾರೇನೋ, ಕೇಳಿ!" ಜಗಲಿಯಲ್ಲಿ ಕೂತ ಮಲ್ಲಿಗಮ್ಮ ನಕ್ಕಳು.

ಅಷ್ಟರಲ್ಲಿ ಅವಳು ಕೊಯ್ದು ಎಸೆದಿದ್ದ ಅಣಬೆಯ ಬುಡವೊಂದು ಗೌರೀಶನ ಕೈಗೆ ಸಿಕ್ಕಿತು. ಹುತ್ತದ ಅಣಬೆಯಾಗಿದ್ದರೆ ಉದ್ದನೆಯ ಬೇರಿರಬೇಕಿತ್ತು. ಇದಕ್ಕಿದ್ದದ್ದು ಬಟ್ಟಲಿನಂಥ ಬಿಳಿಯ ಸಿಪ್ಪೆ, ವಿಷದಣಬೆಯ ಗುರುತು. ಈ ವಿಷ ವಾಂತಿ ನಿಲ್ಲಿಸಿ, ಒಂದು ದಿನ ಚೆನ್ನಾಗಿಟ್ಟು, ಒಳಗೊಳಗೇ ಲಿವರ್ ತಿನ್ನುತ್ತದೆ.

"ಆಟೋ ಕರ್ಸಪ್ಪಾ, ಈಗ್ಲೇ ಹಾಸನದ ಆಸ್ಪತ್ರೆಗೆ ಓಗ್ಬೇಕು!"

"ಎದ್ದು ಕೂತವ್ಳಲ್ಲ ಸಾ?"

"ಅದುಕ್ಕೇ ಕಣಪ್ಪಾ..." ಗೌರೀಶ ಎದ್ದ. ಡಾಕ್ಟರಿಗೆ ತೋರಿಸಲು ಬುಡವನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಜಗಲಿಗೆ ಓಡಿದ.

"ಮೊದ್ಲು ಕೈ ತೊಳ್ಕಳಿ ಸಾ, ನಿಮ್ಗೂ ಕಾಫಿ ಕಾಸ್ತೀನಿ," ಎಂದು ಮಲ್ಲಿಗಮ್ಮ ಮುಖವೆತ್ತಿದಳು. ಅವಳ ಕಣ್ಣ ಬಿಳುಪಿನಲ್ಲಿ ಆಗಲೇ ಅರಿಶಿನ ಇಳಿದಿತ್ತು.