ಅಂಗಡಿ ಮುಂದೆ ನಿಂತ ಸ್ಕೂಟರುಗಳು

ಬೆಳಗ್ಗೆ ತನ್ನ ಅಂಗಡಿಯ ಬಾಗಿಲು ತೆಗೆಯಲು ತಾನೇ ಹೆದರುವ ಮನುಷ್ಯನನ್ನು ನೀವು ಕಂಡಿದ್ದೀರೋ ಇಲ್ಲವೋ, ನಾನು ಅಂಥವರೊಬ್ಬರ ಜೊತೆ ಸಂಸಾರವನ್ನೇ ಮಾಡಿದ್ದೇನೆ. ದಾವಣಗೆರೆಯ ಹಳೇ ಪೇಟೆಯಲ್ಲಿ ನಮ್ಮದೊಂದು ಸೀರೆ ಅಂಗಡಿ ಇತ್ತು. ಮಾವನವರು ಕಟ್ಟಿದ್ದು, ಅವರು ಹೋದ ಮೇಲೆ ನನ್ನ ಗಂಡನ ಕೈಗೆ ಬಂದದ್ದು. ತೊಂಬತ್ತರ ದಶಕದ ಕೊನೆಯ ಮಾತು. ದಾವಣಗೆರೆ ಆಗಷ್ಟೇ ಜಿಲ್ಲೆಯಾಗಿ ಊರು ನಾಲ್ಕೂ ಕಡೆ ಬೆಳೆಯುತ್ತಿತ್ತು, ನಮ್ಮ ಪೇಟೆ ಮಾತ್ರ ಸೊರಗುತ್ತಿತ್ತು. ಶಟರ್ ಎತ್ತುವ ಮುಂಚೆ ನಮ್ಮವರು ಬೀಗದ ಕೈ ಹಿಡಿದು ಸುಮ್ಮನೆ ನಿಂತುಬಿಡುತ್ತಿದ್ದರು. ಮಧ್ಯಾಹ್ನ ನಾನು ಊಟದ ಡಬ್ಬಿ ಒಯ್ದಾಗ ಗಾದಿಯ ಬಿಳಿ ಹಾಸು ಬೆಳಗ್ಗೆ ಹಾಸಿದ ಹಾಗೇ ಇರುತ್ತಿತ್ತು. ಗಿರಾಕಿ ಕೂತೆದ್ದಿದ್ದರೆ ಒಂದು ಮುದುರಾದರೂ ಬೇಡವೇ?

ಕಾರಣ ಎಲ್ಲರಿಗೂ ಗೊತ್ತಿತ್ತು. ಕೆ.ಬಿ. ಬಡಾವಣೆಯಲ್ಲಿ ಗಾಜಿನ ಬಾಗಿಲಿನ ಹೊಸ ಅಂಗಡಿಗಳು ಎದ್ದಿದ್ದವು. ಅಲ್ಲಿ ಗಾಡಿಯನ್ನು ಎಲ್ಲಿ ನಿಲ್ಲಿಸಿದರೂ ಕೇಳುವವರಿಲ್ಲ. ನಮ್ಮ ಬೀದಿಯಲ್ಲಿ ಸ್ಟ್ಯಾಂಡ್ ಹಾಕುವುದರೊಳಗೆ ಪಾರ್ಕಿಂಗ್ ಗುತ್ತಿಗೆದಾರನ ಆಳು ಶುಲ್ಕದ ಚೀಟಿ ಹಿಡಿದು ಎದುರಿಗೆ ನಿಂತಿರುತ್ತಿದ್ದ. ಬ್ಲೌಸ್ ಪೀಸಿಗೆಂದು ಬಂದ ಹೆಂಗಸೊಬ್ಬಳು, ಗಂಡ ಚೀಟಿ ನೋಡಿ ಗೊಣಗಿದನೆಂದು ಸ್ಕೂಟರಿನಿಂದ ಇಳಿಯದೇ ಹೋದದ್ದನ್ನು ನಾನೇ ಕಣ್ಣಾರೆ ಕಂಡಿದ್ದೇನೆ.

ಆ ಬಡಾವಣೆಯ ಅಂಗಡಿಗಳಲ್ಲಿ ಒಂದು ನಮ್ಮವರ ದೊಡ್ಡಪ್ಪನ ಮಗನದೇ. ಒಂದು ಸಂಜೆ ಆತ ಬಂದು ಗಾದಿಯ ಮೇಲೆ ಕಾಲು ಚಾಚಿ ಕೂತು, "ಮುಚ್ಚಿಬಿಡಪ್ಪ ಇದನ್ನ. ನಮ್ಮಲ್ಲಿಗೆ ಬಾ. ಸೀರಿ ಬಿಚ್ಚಿ ತೋರ್ಸಾಕೆ ನಿನ್ನಂಥ ಕೈ ಬೇಕಾಗೈತೆ" ಎಂದ. ನನಗೆ ಮೈಯೆಲ್ಲ ಉರಿದುಹೋಯಿತು. ನಮ್ಮವರು ಮಾತ್ರ ತಲೆ ಎತ್ತದೆ, "ದೀಪಾವಳಿ ತನಕ ನೋಡ್ತೀನಣ್ಣ" ಎಂದರು. ಯಜಮಾನನಾಗಿ ಕೂತವನು ಇನ್ನೊಬ್ಬರ ಅಂಗಡಿಯಲ್ಲಿ ಆಳಾಗಿ ನಿಲ್ಲಬೇಕು. ಆ ಯೋಚನೆ ಅವರನ್ನು ಒಳಗೊಳಗೇ ತಿನ್ನುತ್ತಿತ್ತು. ಊಟ ಬಿಟ್ಟರು, ಮಾತು ಬಿಟ್ಟರು. ಆ ದಿನಗಳಲ್ಲಿ ನನ್ನ ತವರು ಹರಿಹರಕ್ಕೆ ಹೋಗಿದ್ದಾಗ, ಹೊಳೆ ಕಡೆ ಹೋಗಿಬರೋಣ ಬಾ ಎಂದು ಸೇತುವೆಯ ಮೇಲೆ ಕರೆದುಕೊಂಡು ಹೋದರು. ಕಟಾಂಜನ ಹಿಡಿದು ತುಂಗಭದ್ರೆಯನ್ನು ನೋಡುತ್ತ ನಿಂತವರು ಕರೆದರೂ ತಿರುಗಲಿಲ್ಲ. ನಾನು ಅವರ ಅಂಗಿಯ ಚುಂಗನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ನಿಂತೆ.

ಅಷ್ಟರಲ್ಲಿ ನಗರಸಭೆಯವರು ಒಂದು ಒಳ್ಳೆಯ ಕೆಲಸ ಮಾಡಿದರು. ಪೇಟೆಯ ವ್ಯಾಪಾರ ಚೇತರಿಸಿಕೊಳ್ಳಲೆಂದು ದಸರೆಯಿಂದ ದೀಪಾವಳಿಯವರೆಗೆ ನಮ್ಮ ಬೀದಿಗಳಲ್ಲಿ ಪಾರ್ಕಿಂಗ್ ಶುಲ್ಕ ಬೇಡವೆಂದರು. ಚೀಟಿಯ ಆಳು ಮಾಯವಾದ. ಇನ್ನು ಗಿರಾಕಿಗಳು ಬಂದಾರು ಎಂದು ನಾನು ದೇವರಿಗೆ ಕಾಯಿ ಒಡೆಸಿಕೊಂಡು ಬಂದೆ.

ಬಂದದ್ದು ಗಿರಾಕಿಗಳಲ್ಲ, ನಮ್ಮ ಬೀದಿಯ ಅಂಗಡಿಯವರದೇ ಗಾಡಿಗಳು. ಶುಲ್ಕ ಇದ್ದಾಗ ವ್ಯಾಪಾರಸ್ಥರೆಲ್ಲ ಸ್ಕೂಟರನ್ನು ಮನೆಯಲ್ಲೇ ಬಿಟ್ಟು ನಡೆದು ಬರುತ್ತಿದ್ದರು. ಪುಕ್ಕಟೆ ಎಂದದ್ದೇ ತಡ, ಪಕ್ಕದ ಸ್ಟೀಲ್ ಪಾತ್ರೆ ಅಂಗಡಿಯ ಯಜಮಾನರು ತಮ್ಮ ಸ್ಕೂಟರಿನ ಜೊತೆ ಅಳಿಯನ ಮೊಪೆಡ್ಡನ್ನೂ ತಂದು ನಿಲ್ಲಿಸಿದರು. "ಖಾಲಿ ಅಂಗಡಿಗೆ ಯಾರು ಬರ್ತಾರ್ರಿ? ಮುಂದೆ ನಾಕು ಗಾಡಿ ನಿಂತಿದ್ರೆ, ಒಳಗೆ ಮಂದಿ ಅದಾರೆ ಅಂತ ಮಂದಿ ನುಗ್ತಾರೆ" ಎಂದು ನಮ್ಮವರಿಗೂ ಉಪದೇಶ ಮಾಡಿದರು. ಆ ಮಾತು ಬೀದಿಗೆಲ್ಲ ಹಿಡಿಸಿತು. ಒಬ್ಬರನ್ನು ನೋಡಿ ಒಬ್ಬರು, ಮನೆಯಲ್ಲಿದ್ದ ಗಾಡಿಗಳನ್ನೆಲ್ಲ ತಂದು ಸಾಲಾಗಿ ನಿಲ್ಲಿಸಿದರು. ನಮ್ಮವರು ಹಿತ್ತಲಲ್ಲಿ ಸೌದೆಯ ಪಕ್ಕ ಬಿದ್ದಿದ್ದ ಮಾವನವರ ಕೆಟ್ಟ ಸ್ಕೂಟರನ್ನು ತೊಳೆದು, ಒರೆಸಿ, ಮನೆಯಿಂದ ಅಂಗಡಿಯವರೆಗೆ ತಳ್ಳಿಕೊಂಡೇ ಹೋದರು.

"ಜಾಗ ಬಿಟ್ಟುಕೊಟ್ಟಿರೋದು ಗಿರಾಕಿಗೋ, ನಿಮಗೋ?" ಎಂದು ಕೇಳಿದೆ.

"ವ್ಯಾಪಾರದ ಮಾತು ನಿನಗ್ಯಾಕ? ಸುಮ್ನಿರು" ಎಂದರು.

ಸುಮ್ಮನಿರುವ ಜಾಯಮಾನ ನನ್ನದಲ್ಲ, ದಿನಾ ಜಗಳವಾಡಿದೆ. ಆದರೆ ಹೆದರಿದವರ ಕಿವಿಗೆ ಯಾವ ಮಾತೂ ಹೋಗುವುದಿಲ್ಲ. ಹತ್ತು ಗಂಟೆಯೊಳಗೆ ಬೀದಿ ತುಂಬ ಗಾಡಿಗಳು, ಅಂಗಡಿಗಳಲ್ಲಿ ಒಂದು ನರಪಿಳ್ಳೆ ಇಲ್ಲ. ಆ ಬೀದಿಯಲ್ಲಿ ನಡೆದು ಬರುವಾಗ, ಗಾಡಿ ಬಿಟ್ಟುಹೋದ ಜನರಿಗೆಲ್ಲ ಏನೋ ಆಗಿಬಿಟ್ಟಿದೆಯೇನೋ ಅನ್ನಿಸುತ್ತಿತ್ತು.

ನಮಗೆ ಉಳಿದಿದ್ದ ಆಸೆ ಒಂದೇ, ಹರಿಹರದ ದೊಡ್ಡಮ್ಮನ ಮನೆಯ ಜವಳಿ. ರಕ್ತಸಂಬಂಧವಲ್ಲ, ತವರಿನ ಬೀದಿಯ ಹಿರಿಯರು. ಅವರ ಮನೆಯ ಮದುವೆಯ ಬಟ್ಟೆಬರೆ ಮಾವನವರ ಕಾಲದಿಂದಲೂ ನಮ್ಮಲ್ಲೇ. ಜವಳಿ ಅಂದರೆ ಇಡೀ ಮನೆತನ ಹೊರಟು ಬರುತ್ತದೆ. ಒಳ್ಳೆಯ ದಿನ ನೋಡಿ, ಒಳ್ಳೆಯ ಹೊತ್ತಿನಲ್ಲಿ ಮೊದಲ ಸೀರೆ ತೆಗೆದು ಅರಿಷಿಣ ಕುಂಕುಮ ಹಚ್ಚಬೇಕು. ಎಲ್ಲಿ ಮೊದಲ ಸೀರೆಯೋ, ಉಳಿದದ್ದೆಲ್ಲ ಅಲ್ಲೇ. ಮೊಮ್ಮಗಳ ಮದುವೆಗೆ ಶುಕ್ರವಾರ ರಾಹುಕಾಲ ಬರುವ ಮುಂಚೆ, ಅಂದರೆ ಹತ್ತೂವರೆಯೊಳಗೆ ಬರುತ್ತೇವೆಂದು ಹೇಳಿಕಳಿಸಿದ್ದರು. ಅದೊಂದು ಜವಳಿ ಆದರೆ ಈ ವರ್ಷ ಅಂಗಡಿ ಉಳಿಯಿತು ಎಂದು ನಮ್ಮವರು ಬಾಯಿಬಿಟ್ಟು ಹೇಳಿದರು.

ಶುಕ್ರವಾರ ಬೇಗ ಹೋಗಿ ನಾನೇ ಹಾಸು ಬದಲಿಸಿದೆ, ಹರಿವಾಣದಲ್ಲಿ ಅರಿಷಿಣ ಕುಂಕುಮ ಹೂವು ಇಟ್ಟೆ. ನಮ್ಮವರು ಮುಖಕ್ಷೌರ ಮಾಡಿಕೊಂಡು, ಇಸ್ತ್ರಿ ಅಂಗಿ ಹಾಕಿಕೊಂಡು ಬಾಗಿಲಲ್ಲೇ ನಿಂತಿದ್ದರು. "ಆ ಗಾಡಿ ತೆಗೀರಿ ಮೊದಲು" ಎಂದೆ. "ಅವ್ರು ಬಂದ ಕೂಡ್ಲೇ ತೆಗೀತೀನಿ. ದೂರದಿಂದ್ಲೇ ಖಾಲಿ ಕಂಡ್ರೆ, ಇವ್ರ ಕತೆ ಮುಗೀತು ಅಂದ್ಕೊಳ್ಳಲ್ವಾ?" ಎಂದರು.

ಹತ್ತರ ಮೇಲೆ ಸ್ವಲ್ಪ ಹೊತ್ತಿಗೆ ಮೆಟಡಾರ್ ವ್ಯಾನು ಬಂತು. ಡ್ರೈವರ್ ನಮ್ಮ ಮುಂದೆ ನಿಧಾನ ಮಾಡಿದ. ನಿಲ್ಲಿಸಲು ಒಂದು ಮೊಳ ಜಾಗವಿಲ್ಲ. ನಮ್ಮವರು ಓಡಿಹೋಗಿ ಮಾವನವರ ಸ್ಕೂಟರ್ ಹಿಡಿದು ಎಳೆದರು. ಅದು ಪಕ್ಕದ ಮೊಪೆಡ್ಡಿಗೆ ಸಿಕ್ಕಿಕೊಂಡಿತು. ಮೊಪೆಡ್ಡಿಗೆ ಬೀಗ, ಪಾತ್ರೆ ಅಂಗಡಿಯವರು ತಿಂಡಿಗೆ ಹೋಗಿದ್ದಾರೆ. ವ್ಯಾನಿನ ಹಿಂದೆ ಲಾರಿ, ಆಟೋ, ಎಲ್ಲ ಹಾರನ್ ಬಾರಿಸತೊಡಗಿದವು. ದೊಡ್ಡಮ್ಮ ಕಿಟಕಿಯಿಂದ ನಮ್ಮನ್ನು ನೋಡಿ ಕೈ ಎತ್ತಿದರು. ನಾನೂ ಕೈ ಎತ್ತಿದೆ. ವ್ಯಾನು ಮುಂದೆ ಹೋಯಿತು.

ಒಂದು ಸುತ್ತು ಹಾಕಿ ಬರುತ್ತಾರೆ ಅಂದುಕೊಂಡೆವು. ನಾನು ತಿರುವಿನವರೆಗೆ ಓಡಿದೆ, ಎಲ್ಲೂ ಕಾಣಲಿಲ್ಲ. ಮರಳಿ ಬಂದಾಗ ನಮ್ಮವರು ಗೋಡೆ ಗಡಿಯಾರವನ್ನೇ ನೋಡುತ್ತ ನಿಂತಿದ್ದರು. ಮುಳ್ಳು ಹತ್ತೂವರೆ ದಾಟಿತು. "ರಾಹುಕಾಲ ಬಂತು" ಎಂದು ಹೇಳಿ ಗಾದಿಯ ಅಂಚಿನಲ್ಲಿ ಕೂತರು. ನಾನು ಅರಿಷಿಣ ಕುಂಕುಮದ ಹರಿವಾಣ ಎತ್ತಿ ಒಳಗಿಟ್ಟೆ.

ದೀಪಾವಳಿಗೆ ಸ್ವಲ್ಪ ಮುಂಚೆ ದೊಡ್ಡಮ್ಮ ಮದುವೆಗೆ ಕರೆಯಲು ಅಂಗಡಿಗೇ ಬಂದರು. ಬಸ್ ಸ್ಟ್ಯಾಂಡಿನಿಂದ ನಡೆದು ಬಂದು ದಣಿದಿದ್ದರು. ನೀರು ಕುಡಿದು, "ಬ್ಯಾಸರ ಮಾಡ್ಕೋಬ್ಯಾಡ್ರಿ ಅಳಿಯಂದ್ರೆ" ಎಂದರು. "ಹೊತ್ತು ಮೀರ್ತೈತೆ ಅಂತ ಕೆ.ಬಿ. ಬಡಾವಣೇಲಿ ಮೊದಲ್ನೇ ಸೀರಿ ತಗದ್ವಿ. ನಿಮ್ಮ ಅಂಗಡಿ ಮುಂದೆ ಅಷ್ಟು ಗಾಡಿ ನೋಡಿ ನನಗ ಸಮಾಧಾನ ಆತು. ಮಾವನೋರ ಹೆಸರು ಉಳಿಸ್ಯಾರೆ, ನಮ್ಮದೊಂದು ಹೋದ್ರೆ ಇವ್ರಿಗೇನು ಕಮ್ಮಿ ಅಂತ ಅಂದ್ಕೊಂಡ್ವಿ."

ನಿಜ ಹೇಳಿಬಿಡಲಿ ಎಂದು ನಾನು ಗಂಡನ ಮುಖ ನೋಡಿದೆ. ಅವರು ನಕ್ಕರು. "ಹೌದ್ರಿ ದೊಡ್ಡಮ್ಮ, ಒಂದು ಗಳಿಗೆ ಪುರುಸೊತ್ತಿಲ್ಲ" ಎಂದರು.

ದೊಡ್ಡಮ್ಮ ಕಾಫಿ ಕುಡಿಯುವಷ್ಟು ಹೊತ್ತೂ ಒಬ್ಬರು ಒಳಗೆ ಬರಲಿಲ್ಲ. ಅವರು ಲೋಟ ಕೆಳಗಿಟ್ಟು ಬೀದಿಯ ಗಾಡಿಗಳನ್ನು ನೋಡಿದರು, ಹಾಸು ನೋಡಿದರು, ಮಡಿಕೆ ಬಿಚ್ಚದ ಸೀರೆಗಳನ್ನು ನೋಡಿದರು. ಆಮೇಲೆ ಹೊರಡುವ ಮುಂಚೆ, "ಉಡಿ ತುಂಬಾಕೆ ಬೇಕಾಗಿತ್ತು, ಒಂದಿಷ್ಟು ಖಣ ಕೊಡ್ರಿ" ಎಂದರು. ಆ ರವಿಕೆ ಖಣಗಳ ಬಣ್ಣ ನೋಡಲಿಲ್ಲ, ಅಂಚು ನೋಡಲಿಲ್ಲ. ನಾಲ್ಕಾಣೆಗೂ ನಮ್ಮ ಮಾವನವರನ್ನು ಅರ್ಧ ದಿನ ಕಾಡುತ್ತಿದ್ದ ಹೆಂಗಸು, ನಮ್ಮವರು ಹೇಳಿದ ದರವನ್ನು ಮರುಮಾತಿಲ್ಲದೆ ಕೊಟ್ಟು ಎದ್ದರು.

ನಮ್ಮವರ ನಗು ಆಗ ಆರಿತು. ದೊಡ್ಡಮ್ಮ ಮೆಟ್ಟಿಲಿಳಿದು ಹೋದ ಮೇಲೆ ಆ ದುಡ್ಡನ್ನು ಗಲ್ಲಾಕ್ಕೆ ಹಾಕಿ, "ನಾಳೆ ಬಡಾವಣೆ ಅಣ್ಣನ ಅಂಗಡಿಗೆ ಹೋಗಿ, ಕೆಲಸಕ್ಕೆ ಬರ್ತೀನಿ ಅಂತ ಹೇಳ್ತೀನಿ" ಎಂದರು.