ತಿದ್ದದೆ ಬಿಟ್ಟ ಸಾಲು

"ಜೋರಾಗಿ ಕೂಗೇ. ನೀನು ಗಡಿಯಾಚೆ ಸೈನಿಕ ಅಂದ್ಕೋ," ಎಂದರು ಸೈನ್ಯದಲ್ಲಿರುವ ನನ್ನ ಗಂಡ. ಹಲಸೂರಿನ ನಮ್ಮ ಅಡುಗೆಮನೆಯಲ್ಲಿ ಅವರ ಚೀನೀ ಭಾಷಾ ಪರೀಕ್ಷೆಗೆ ಅಭ್ಯಾಸ ನಡೆದಿತ್ತು. ಚೀನೀ ಮಾತುಗಳನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಂಡ ಹಾಳೆ ನನ್ನ ಕೈಯಲ್ಲಿತ್ತು. ತಪ್ಪಿದರೆ ತಿದ್ದುವುದು ನನ್ನ ಕೆಲಸ. ನಾನು ಕೂಗಿದೆ. ಅವರು ಬರಿಗೈ ಎತ್ತಿ, ಒಂದು ಹೆಜ್ಜೆ ಮುಂದೆ ಬಂದು ಉತ್ತರಿಸಿದರು.

"ಮುಂದೆ ಯಾಕ್ರೀ ಬಂದ್ರಿ?"

"ಭಾಷೆ ಬರೋನೇ ಕಣೇ ಎಲ್ರಿಗಿಂತ ಮುಂದೆ ನಿಲ್ಬೇಕು. ಪಾಸಾದ್ರೆ ಆ ಜಾಗ ನಂದೇ."

ಅಲ್ಲಿಯವರೆಗೆ ಇದು ಮೇಜಿನ ಮುಂದೆ ಕೂತು ಮಾಡುವ ಕೆಲಸ ಎಂದುಕೊಂಡಿದ್ದೆ. ಆಗ ನಕ್ಕೆನೋ, ರೇಗಿದೆನೋ, ನೆನಪು ದಿನಕ್ಕೊಂದು ಹೇಳುತ್ತದೆ. ಬದಲಾಗದ ಸಂಗತಿ ಒಂದೇ: 'ಗುಂಡು ಹಾರಿಸಬೇಡಿ' ಎಂಬ ಸಾಲನ್ನು ಅವರು ತಪ್ಪಾಗಿ ಹೇಳಿದರು. ಫೇಲಾಗಲಿ ಎಂದು ನಾನು, "ಸರಿಯಾಗಿದೆ ರೀ," ಎಂದೆ.

ಆ ಸಾಲು ಪರೀಕ್ಷೆಯಲ್ಲಿ ಬರಲೇ ಇಲ್ಲವಂತೆ. ಪಾಸಾದರು, ಗಡಿಗೆ ಹೋಗಿ ಎರಡು ತಿಂಗಳಾಯಿತು. ಫೋನ್ ಬಂದಾಗಲೆಲ್ಲ ಅದೊಂದನ್ನು ತಿದ್ದಿಬಿಡಬೇಕೆಂದು ಬಾಯಿ ತೆರೆಯುತ್ತೇನೆ. ಬೇಕೆಂದೇ ಸುಳ್ಳು ಹೇಳಿದ್ದನ್ನು ಒಪ್ಪಿಕೊಳ್ಳಲು ಹೆದರಿ, ಊಟ ಆಯ್ತಾ ಎಂದು ಕೇಳುತ್ತೇನೆ.