ಪ್ರಾರ್ಥನೆಯಲ್ಲಿ ಓದಿದ ಹೆಸರು

ಬೀದರಿನ ನಮ್ಮ ಚರ್ಚಿನಲ್ಲಿ ಎರಡನೆಯ ಬೆಂಚಿನ ಎಡತುದಿಗೆ ಕೂರುವ ಮನುಷ್ಯನನ್ನು ಕಂಡರೆ ನನಗೆ ಆಗುವುದಿಲ್ಲ. ಇದನ್ನು ಪಾಪನಿವೇದನೆಯಲ್ಲಿ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಫಾದರ್ ಪ್ರತಿ ಸಲವೂ ಮೂರು ನಮೋ ಮರಿಯಾ ಹೇಳಿಕೊ ಅನ್ನುತ್ತಾರೆ. ಹೇಳಿಕೊಂಡು ಎದ್ದು ಬಂದರೆ ಎದುರಿಗೇ ಅವನ ಎಣ್ಣೆ ಹಚ್ಚಿ ಬಾಚಿದ ತಲೆ, ಮತ್ತೆ ನನ್ನ ಮೈಯೆಲ್ಲ ಉರಿ. ಆ ಉರಿಗೆ ಅವನೊಬ್ಬನೇ ಕಾರಣನಲ್ಲ ಎಂದು ಒಪ್ಪಿಕೊಳ್ಳಲು ನನಗೆ ಬಹಳ ದಿನ ಹಿಡಿಯಿತು.

ನಾನು ಔರಾದಿನವಳು, ಬೀದರಿನ ಸೊಸೆ, ಇಲ್ಲಿಯೇ ಒಂದು ಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ. ನಾನು ಚಿಕ್ಕವಳಿದ್ದಾಗ ಔರಾದಿನಲ್ಲಿ ನಮ್ಮವರದು ನಾಲ್ಕೈದು ಮನೆ ಅಷ್ಟೇ. ತಿಂಗಳಿಗೊಮ್ಮೆ ಫಾದರ್ ಬಸ್ಸಿನಲ್ಲಿ ಬಂದು ನಮ್ಮ ಪಡಸಾಲೆಯಲ್ಲಿ ಪೂಜೆ ಅರ್ಪಿಸುತ್ತಿದ್ದರು. ಅಪ್ಪ ಜೋಳದ ಚೀಲಗಳನ್ನು ಗೋಡೆಗೆ ಸರಿಸಿ ಜಾಗ ಮಾಡುತ್ತಿದ್ದ. ಪೂಜೆಯ ನಡುವೆ ಯಾರು ಯಾರಿಗಾಗಿ ಬೇಕಾದರೂ ಗಟ್ಟಿಯಾಗಿ ಪ್ರಾರ್ಥಿಸಬಹುದಿತ್ತು. ಪಕ್ಕದ ಮನೆಯ ಮುದುಕಿಯ ಮಂಡಿನೋವು, ಹೆರಿಗೆಗೆ ಬಂದ ಮಗಳು, ಹಾಲು ಬತ್ತಿದ ಎಮ್ಮೆ, ಎಲ್ಲಕ್ಕೂ ಹೆಸರು ಹಿಡಿದೇ ಬೇಡುವುದು. ಅಪ್ಪ ಅಂಚೆಯವನು. ಹೆಸರು ಬರೆಯದ ಕಾಗದ ಯಾರಿಗೂ ಮುಟ್ಟುವುದಿಲ್ಲ, ಪ್ರಾರ್ಥನೆಯೂ ಅಷ್ಟೇ ಅನ್ನುತ್ತಿದ್ದ. ನಾನು ಅದನ್ನು ವೇದವಾಕ್ಯದ ಹಾಗೆ ನಂಬಿ ಬೆಳೆದೆ.

ಬೀದರಿಗೆ ಬಂದ ಮೇಲೆ ಭಾನುವಾರದ ಪೂಜೆಯಲ್ಲಿ ಹೀಗೆ ಇತರರಿಗಾಗಿ ಬೇಡುವ ವಿಶ್ವಾಸಿಗಳ ಪ್ರಾರ್ಥನೆ ಓದುವ ಕೆಲಸ ನನಗೆ ಬಂತು. ಟೀಚರಮ್ಮ, ಉಚ್ಚಾರ ಚೆಂದ ಎನ್ನುವ ಕಾರಣಕ್ಕೆ. ಅದರ ಜೊತೆಗೆ ಚರ್ಚಿನ ಕಾರ್ಮಿಕರ ಬಳಗದ ಕಾರ್ಯದರ್ಶಿಯೂ ಆದೆ. ಈ ಬಳಗದ ಮುಖ್ಯ ಕಸುಬು ಚಹಾ ಕುಡಿದು ಠರಾವು ಬರೆಯುವುದು. ನಿಜವಾದ ಕೆಲಸ ಮಾಡುತ್ತಿದ್ದವರು ಭಾಲ್ಕಿಯಲ್ಲಿ ಹೊಲಿಗೆ ತರಗತಿ ನಡೆಸುತ್ತಿದ್ದ ಒಬ್ಬ ಸಿಸ್ಟರ್. ಇಟ್ಟಿಗೆ ಭಟ್ಟಿಯವರಿಗೂ ಮಿಲ್ಲಿನ ಹೆಂಗಸರಿಗೂ ಕಾರ್ಮಿಕರ ಕಾರ್ಡಿನ ಅರ್ಜಿ ತುಂಬಿಸುವುದು, ಬಸುರಿಯರನ್ನು ದವಾಖಾನೆಗೆ ಕರೆದೊಯ್ಯುವುದು, ಎಲ್ಲ ಅವರದೇ. ತಿಂಗಳಿಗೆರಡು ಸಲ ನಾನು ಬಸ್ಸು ಹತ್ತಿ ಹೋಗಿ ಅರ್ಜಿ ಬರೆದುಕೊಡುತ್ತಿದ್ದೆ.

ಅಲ್ಲಿಗೆ ಒಮ್ಮೆ ಹಲಬರ್ಗಾದ ಒಬ್ಬ ಹೆಂಗಸು ಬಂದಳು. ಗಂಡನಿಲ್ಲದವಳು, ಭಾಲ್ಕಿ ಊರಾಚೆಯ ತೊಗರಿಬೇಳೆ ಮಿಲ್ಲಿನಲ್ಲಿ ಬೇಳೆ ಆರಿಸುವವಳು. ನಮ್ಮ ಮತದವಳಲ್ಲ, ಚರ್ಚಿನ ಬಾಗಿಲು ಕಂಡವಳೂ ಅಲ್ಲ. ಹೊಟ್ಟೆನೋವೆಂದು ಸಿಸ್ಟರ್ ಬಳಿ ಬಂದಿದ್ದಳು. ದಿನಕ್ಕೆಷ್ಟು ನೀರು ಕುಡಿಯುತ್ತೀ ಎಂದು ಸಿಸ್ಟರ್ ಕೇಳಿದಾಗ ಎಲ್ಲ ಹೊರಬಿತ್ತು.

"ನೀರ ಕುಡಿಯಂಗಿಲ್ರಿ. ಮಿಲ್‌ದಾಗ ಸಂಡಾಸಿಗಿ ಕೀಲಿ ಹಾಕ್ತಾರ. ಚಾವಿ ಮುಕಾದಮನ ಕಿಸೆದಾಗ. ಕೇಳಿದ್ರ ಎಲ್ಲಾ ಗಂಡಸರ ಮುಂದ, ಈಗೇ ಹೋಗಿದ್ದಿಯಲ್ಲಾ ಅಂತ ನಗತಾನ್ರಿ. ಅದಕ್ಕ ನಾವ್ಯಾರೂ ಮುಂಜಾನಿಂದ ಸಂಜಿ ತನಕ ನೀರೇ ಮುಟ್ಟಂಗಿಲ್ಲ."

ಕಾರ್ಮಿಕ ಇಲಾಖೆಗೆ ಬರೆದುಕೊಡುತ್ತೀಯಾ ಎಂದೆ. ಬರೆದದ್ದನ್ನು ಎರಡು ಸಲ ಓದಿಸಿ ಕೇಳಿ ಅವಳು ಸಹಿ ಹಾಕಿದಳು.

"ಸಾಹೇಬ್ರು ಬಂದು ನೋಡೋತನಕ ನನ್ನ ಹೆಸರ ಹೊರಗ ಬರಬಾರದ್ರಿ. ಕೆಲಸ ಹೋದ್ರ ಕಬ್ಬ ಕಡಿಯೋ ಗ್ಯಾಂಗೇ ಗತಿ. ದಸರಾ ಆದ ಮ್ಯಾಲ ಗ್ಯಾಂಗ್ ಲಾತೂರ ಕಡಿ ಹೋಗ್ತದ. ನಾ ಹೋದ್ರ ಮಗಳ್ನೂ ಒಯ್ಯಬೇಕಾಗ್ತದ್ರಿ, ಮನ್ಯಾಗ ಒಬ್ಬಾಕಿನ್ನ ಹ್ಯಾಂಗ ಬಿಡಲಿ? ಈ ವರ್ಷ ಆಕಿದು ಹತ್ತನೇತ್ತ ಅದ."

ಬರುವುದಿಲ್ಲ, ನನ್ನ ಮೇಲೆ ಭರವಸೆ ಇಡು ಎಂದೆ. ಇಷ್ಟು ದೊಡ್ಡ ಮಾತನ್ನು ಅಷ್ಟು ಸಲೀಸಾಗಿ ಆಡಿದೆ.

ಆ ಮುಕಾದಮ, ಅಂದರೆ ಆ ಹೆಂಗಸರ ಮೇಲಿನ ಮೇಸ್ತ್ರಿ, ಯಾರೆಂದು ನನಗೆ ಗೊತ್ತಿತ್ತು. ಅವನೇ, ಎರಡನೆಯ ಬೆಂಚಿನವನು, ದಿನವೂ ಬೀದರಿನಿಂದ ಭಾಲ್ಕಿಯ ಮಿಲ್ಲಿಗೆ ಹೋಗಿ ಬರುವವನು. ನಮ್ಮ ಚರ್ಚಿನ ಪಾಲನಾ ಸಮಿತಿಯ ಸದಸ್ಯ. ಶುಭ ಶುಕ್ರವಾರ ಶಿಲುಬೆ ಹೊತ್ತು ಮುಂದೆ ನಡೆಯುವವನು, ಅದೂ ಬರಿಗಾಲಲ್ಲಿ. ಹಬ್ಬದ ಊಟಕ್ಕೆ ಅವನ ಶೇಠನ ಮಿಲ್ಲಿನಿಂದಲೇ ಬೇಳೆ ಬರುತ್ತಿತ್ತು, ನಾವೆಲ್ಲ ಎರಡೆರಡು ಸಲ ಹಾಕಿಸಿಕೊಂಡು ತಿನ್ನುತ್ತಿದ್ದೆವು.

ಮುಂದಿನ ಭಾನುವಾರ ಮೊದಲ ವಾಚನ ಓದುವ ಸರದಿ ಅವನದು. ಬಡವರನ್ನು ತುಳಿಯುವವರನ್ನು ಪ್ರವಾದಿ ಬೈಯುವ ಭಾಗ. ಏನು ಓದಿದ ಅಂತೀರಿ! ತಡೆದು ತಡೆದು, ದನಿ ನಡುಗಿಸಿ, ಮುಂದಿನ ಸಾಲಿನ ಅಜ್ಜಿಯರ ಕಣ್ಣಲ್ಲಿ ನೀರು ತರಿಸಿದ. ಕಿಸೆಯಲ್ಲಿ ಚಾವಿ ಇಟ್ಟುಕೊಂಡು ಬಂದಿದ್ದಾನೋ ಏನೋ ಎಂದು ನಾನು ಅವನ ಪ್ಯಾಂಟಿನ ಕಡೆಗೇ ನೋಡುತ್ತಿದ್ದೆ.

ನನ್ನ ಸರದಿ ಬಂತು. ಚೀಟಿಯಲ್ಲಿ ನಾನು ಬರೆದದ್ದು, ಕೆಲಸದ ಜಾಗದಲ್ಲಿ ನೋಯುತ್ತಿರುವ ನಮ್ಮ ಸಹೋದರಿಯರಿಗಾಗಿ ಎಂದಷ್ಟೇ. ಓದಿದ್ದು ಬೇರೆ. ಬೀಗ ಹಾಕಿದ ಬಾಗಿಲ ಮುಂದೆ ಅವಮಾನ ಉಣ್ಣುತ್ತಿರುವ, ಅದನ್ನು ಹೇಳುವ ಧೈರ್ಯ ಮಾಡಿದ ಹಲಬರ್ಗಾದ ನಮ್ಮ ಸಹೋದರಿ ಎಂದು ಶುರು ಮಾಡಿ, ಅವಳ ಪೂರ್ತಿ ಹೆಸರು ಹೇಳಿದೆ. ಔರಾದಿನ ಪಡಸಾಲೆಯ ರೂಢಿ, ಬಾಯಿಗೆ ತಾನಾಗಿ ಬಂತು ಎಂದು ಎಲ್ಲರ ಮುಂದೆ ವಾದಿಸಿದ್ದೇನೆ. ಅದು ಅರ್ಧ ಸತ್ಯ. ಹೆಸರು ಹೇಳುವಾಗ ನಾನು ಅವನ ಕತ್ತನ್ನೇ ನೋಡುತ್ತಿದ್ದೆ. ಕತ್ತು ಸೆಟೆದದ್ದು ಕಂಡಿತು. ನನಗೆ ಖುಷಿಯಾಯಿತು, ಹಾಳಾದ ಖುಷಿ.

ಆಲಿಸು ಪ್ರಭುವೇ, ಎಂದಿತು ಸಭೆ. ಅವನೂ ಎಂದ. ಪ್ರಭು ಆಲಿಸಿದನೋ ಇಲ್ಲವೋ, ಮುಕಾದಮ ಆಲಿಸಿದ.

ಮಂಗಳವಾರ ಸಿಸ್ಟರ್ ಫೋನ್ ಮಾಡಿದರು. ಮಿಲ್ಲಿನ ಗೇಟಿನಲ್ಲೇ ಅವಳನ್ನು ತಡೆದು ವಾಪಸು ಕಳಿಸಿದ್ದರು. ಶಾಲೆಗೆ ರಜೆ ಹಾಕಿ ಹಲಬರ್ಗಾಕ್ಕೆ ಓಡಿದೆ. ಬಸ್ಸಿಳಿದು ಬಿಸಿಲಲ್ಲಿ ನಡೆದು ಹೋದರೆ ಅವಳು ಹೊಸ್ತಿಲ ಮೇಲೆ ಕೂತಿದ್ದಳು. ಒಳಗೆ ಮಗಳು ಪುಸ್ತಕಗಳಿಗೆ ಪೇಪರಿನ ರಟ್ಟು ಹಾಕುತ್ತಿದ್ದಳು. ನಮ್ಮ ಕಡೆ ಬಂದವರು ವೈರಿಯಾದರೂ ಮೊದಲು ಒಂದು ಚೆಂಬು ನೀರು ತಂದಿಡುತ್ತಾರೆ. ಅವಳು ಎದ್ದೇಳಲಿಲ್ಲ.

"ನನ್ನ ಹೆಸರ ಯಾಕ ತಗೊಂಡ್ರಿ?"

"ಕೆಟ್ಟದ್ದಕ್ಕಲ್ಲ. ಪ್ರಾರ್ಥನಿ ಮಾಡ್ಲಿಕ್ಕೆ..."

"ನಾ ನಿಮಗ ಪ್ರಾರ್ಥನಿ ಮಾಡ್ರಿ ಅಂತ ಕೇಳಿದ್ನೇನ್ರಿ? ಬಾಯಿ ಮುಚ್ಕೊಂಡಿರ್ರಿ ಅಂತ ಕೇಳಿದ್ದೆ. ಅಷ್ಟೇ ಕೇಳಿದ್ದೆ."

ಒಳಗೆ ಪೇಪರು ಮಡಚುವ ಸದ್ದು ನಿಂತಿತು. ನಾನು ಒಂದು ಗುಟುಕು ನೀರೂ ಇಲ್ಲದೆ ಬಸ್ ನಿಲ್ದಾಣಕ್ಕೆ ವಾಪಸು ಬಂದೆ.

ಅಂದೇ ಸಂಜೆ ಫಾದರ್ ಸಮಿತಿ ಕರೆದರು. ಅವರು ಕರಾವಳಿಯವರು, ಒಳ್ಳೆಯವರು, ಜಗಳ ಕಂಡರೆ ಆಗದವರು. ಎರಡೂ ಕಡೆಯವರು ಸಮಾಧಾನದಿಂದಿರಬೇಕು ಎಂದರು. ಎರಡು ಕಡೆ ಎಲ್ಲಿಂದ ಬಂತು? ಮೂರನೆಯ ಕಡೆಯವಳು ಹಲಬರ್ಗಾದ ಹೊಸ್ತಿಲ ಮೇಲೆ ಕೂತಿದ್ದಳಲ್ಲ! ನಾನು ಮುಕಾದಮನಿಗೆ ಬಾಯಿಗೆ ಬಂದಂತೆ ಬೈದೆ. ಚರ್ಚಿನಲ್ಲಿ ಕೇಳಿದ್ದನ್ನು ಒಯ್ದು ಶೇಠನ ಕಿವಿಗೆ ಹಾಕಿದ ಚಾಡಿಕೋರ ಎಂದೆ. ಅವನು ಚಹಾದ ಕಪ್ಪನ್ನು ನಿಧಾನವಾಗಿ ಕೆಳಗಿಟ್ಟ.

"ನಾ ಏನ್ ಮಾಡೀನ್ರಿ ಫಾದರ್? ಬರಬ್ಯಾಡ ಅಂದವ್ರು ಶೇಠ್‌ರು. ಹೆಸರ ಹೇಳ್ದವ್ರು ಟೀಚರ್. ಅದೂ ಮೈಕಿನ್ಯಾಗ."

ಯಾರೋ ಕಿಸಕ್ಕೆಂದು ನಕ್ಕರು. ನಾನು ಇನ್ನಷ್ಟು ಕೂಗಾಡಿದೆ. ಕೊನೆಗೆ ಸಮಿತಿ ಆ ಹೆಂಗಸಿಗಾಗಿ ಒಂಬತ್ತು ದಿನದ ಜಪ ಇಟ್ಟುಕೊಳ್ಳುವುದೆಂದು ಠರಾವು ಮಾಡಿತು. ದಸರೆಗೆ ಎರಡು ವಾರ ಉಳಿದಿತ್ತು. ಠರಾವು ಬರೆದುಕೊಂಡವಳು ಬಳಗದ ಕಾರ್ಯದರ್ಶಿ, ಅಂದರೆ ನಾನೇ.

ಕೆಲಸ ಹೋದವಳೊಬ್ಬಳ ಅರ್ಜಿ ಸಾಲದು, ಇಲಾಖೆಗೆ ಕೊಡಲು ಬೇರೆ ಹೆಂಗಸರ ಸಹಿ ಬೇಕೆಂದು ಸಿಸ್ಟರ್ ಮತ್ತು ನಾನು ಮಿಲ್ಲಿನ ಹೆಂಗಸರು ಹೆಚ್ಚಿದ್ದ ಖಟಕ ಚಿಂಚೋಳಿಯಲ್ಲಿ ಮನೆ ಮನೆ ತಿರುಗಿದೆವು. ನನ್ನ ಮುಖ ಕಂಡರೆ ಬಾಗಿಲು ಹಾಕಿಕೊಳ್ಳುತ್ತಿದ್ದರು. ಹೆಸರು ಓದುವ ಟೀಚರ್ ಬಂದಳು ಎಂದು ಒಬ್ಬ ಮುದುಕಿ ಓಣಿಗೆಲ್ಲ ಕೇಳುವಂತೆ ಹೇಳಿದಳು. ಒಂದು ಸಹಿಯೂ ಸಿಗಲಿಲ್ಲ.

ಸಹಿ ತಂದವಳು ಅವಳೇ. ಕೆಲಸ ಕಳೆದುಕೊಂಡವಳು ತಾನೇ ಹಲಬರ್ಗಾ, ಖಟಕ ಚಿಂಚೋಳಿ ಎರಡೂ ಊರು ಸುತ್ತಿ, ಮಿಲ್ಲಿನ ಹೆಂಗಸರೆಲ್ಲರ ಸಹಿ, ಹೆಬ್ಬೆಟ್ಟು ಹಾಕಿಸಿಕೊಂಡು ಭಾಲ್ಕಿಗೆ ಬಂದಳು. ಕಾಗದವನ್ನು ಸಿಸ್ಟರ್ ಕೈಗೆ ಕೊಟ್ಟಳು. ಚಾಚಿದ ನನ್ನ ಕೈಯನ್ನು ನೋಡಲೇ ಇಲ್ಲ.

"ಒಬ್ಬಾಕಿ ಹೆಸರ ಸಿಕ್ರ ಒಬ್ಬಾಕಿನ್ನ ತೆಗೀತಾರ. ಎಲ್ಲಾರ ಹೆಸರ ಇದ್ರ ಬ್ಯಾಳಿ ಯಾರು ಆರಿಸ್ತಾರ್ರಿ, ಮುಕಾದಮ ಆರಿಸ್ತಾನೇನು?"

ಅಧಿಕಾರಿ ಬಂದರು, ನೋಡಿದರು, ಬೀಗ ತೆಗೆಸಿದರು. ಈಗಲೂ ಅದಕ್ಕೆ ಬೀಗವಿಲ್ಲ, ಒಳಗಿನಿಂದ ಹಾಕಿಕೊಳ್ಳುವ ಚಿಲಕವಿದೆ. ಆದರೆ ಶೇಠ್ ಅವಳನ್ನು ಮಾತ್ರ ಒಳಗೆ ಬಿಡಲಿಲ್ಲ. ಮಗಳನ್ನು ನಮ್ಮ ಹಾಸ್ಟೆಲಿನಲ್ಲಿ ಇಟ್ಟುಕೊಳ್ಳುತ್ತೇವೆ, ಪರೀಕ್ಷೆ ಮುಗಿಸಲಿ ಎಂದು ಸಿಸ್ಟರ್ ಬೇಡಿಕೊಂಡರು.

"ನಿಮ್ಮ ಮ್ಯಾಲ ಸಿಟ್ಟಿಲ್ರಿ ಸಿಸ್ಟರ್. ಆದ್ರ ಚರ್ಚಿನವರ ಮನ್ಯಾಗ ಮಗಳ್ನ ಬಿಡಂಗಿಲ್ಲ. ಅಲ್ಲಿ ಗ್ವಾಡಿಗೂ ಬಾಯಿ ಅದ."

ದಸರೆಯ ನಂತರ ತಾಯಿ ಮಗಳು ಇಬ್ಬರೂ ಗ್ಯಾಂಗಿನ ಟ್ರ್ಯಾಕ್ಟರ್ ಹತ್ತಿದರು. ಹುಡುಗಿ ಆ ವರ್ಷ ಪರೀಕ್ಷೆಗೆ ಕೂರಲಿಲ್ಲ. ಮುಂದೆಯೂ ಕೂರಲಿಲ್ಲ.

ಇತ್ತೀಚೆಗೆ ಭಾಲ್ಕಿಯ ಬಸ್ ನಿಲ್ದಾಣದಲ್ಲಿ ಅವಳು ಸಿಕ್ಕಳು. ಅಂಗೈ ಕಬ್ಬಿನ ಗರಿಯಿಂದ ಸೀಳಿತ್ತು. ಮಗಳು ಹೇಗಿದ್ದಾಳೆ ಎಂದೆ.

"ಕಬ್ಬ ಕಡಿಯೋ ಕೊಯ್ತಾ ಚೊಲೋ ಹಿಡೀತಾಳ್ರಿ," ಎಂದಳು. ಬಸ್ಸಿನ ಮೆಟ್ಟಿಲು ಹತ್ತಿ ಹಿಂದೆ ತಿರುಗಿದಳು. "ನೀವು ಏನೇನೋ ಬರೀತೀರಂತ. ನನ್ನ ಹೆಸರ ಬರೀಬ್ಯಾಡ್ರಿ."

ಬರೆದಿಲ್ಲ. ಅವಳದನ್ನು ಬರೆಯದ ಮೇಲೆ ಉಳಿದವರದ್ದನ್ನೂ ಬಿಟ್ಟಿದ್ದೇನೆ. ಎರಡನೆಯ ಬೆಂಚಿನವನ ಹೆಸರು ಬಿಡುವಾಗ ಮಾತ್ರ ಕೈ ತುರಿಸಿತು.

ನಾನು ಓದುವುದನ್ನು ಬಿಟ್ಟ ಮೇಲೆ ವಿಶ್ವಾಸಿಗಳ ಪ್ರಾರ್ಥನೆ ಓದುವವನು ಅವನೇ. ಲೋಕದ ಸಮಸ್ತ ದುಡಿಯುವ ಜನರಿಗಾಗಿ ಎನ್ನುತ್ತಾನೆ, ದನಿ ನಡುಗಿಸಿ. ಯಾರ ಹೆಸರೂ ಇರುವುದಿಲ್ಲ, ಯಾರಿಗೂ ತೊಂದರೆಯಿಲ್ಲ. ಆಲಿಸು ಪ್ರಭುವೇ, ಎನ್ನುತ್ತದೆ ಸಭೆ. ಆಗ ನಾನು ಅವಳ ಹೆಸರನ್ನೂ ಅವಳ ಮಗಳ ಹೆಸರನ್ನೂ ಹೇಳುತ್ತೇನೆ, ಬಾಯಿ ಮುಚ್ಚಿಕೊಂಡು. ಅವಳು ಕೇಳಿದ್ದು ಅಷ್ಟೇ ಆಗಿತ್ತು.